ಒಂಬತ್ತು ಗಂಟೆಯ ನಂಬರು

ಮೊಂಡನಿಗೆ,

ಅಕ್ಕ ಬರೆಯುತ್ತಿರುವುದು. ನಂಬರಲ್ಲದ ಏನನ್ನಾದರೂ ನಿನಗೆ ಬರೆದು ಹನ್ನೊಂದು ತಿಂಗಳಾಯಿತು. ಕೈ ಸ್ವಲ್ಪ ತಡವರಿಸುತ್ತಿದೆ, ಸಹಿಸಿಕೋ.

ವೈದ್ಯರ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವ ನನ್ನ ಕೆಲಸವನ್ನು ಇನ್ನು ಮನೆಯಿಂದಲೇ ಮಾಡಿ ಎಂದು ಆಫೀಸಿನವರು ಲ್ಯಾಪ್‌ಟಾಪ್ ಕೊಟ್ಟ ದಿನ, ಎಲ್ಲ ಹೊಂದಿಸಿಕೊಟ್ಟವನು ನೀನೇ. ನನ್ನ ಹಳೆಯ ಫೋನಿನ ಹಾಟ್‌ಸ್ಪಾಟಿನಿಂದ ನೆಟ್ ಬಂತು. ಆದರೆ ಆಫೀಸಿನ ಒಳಗೆ ಹೋಗಲು ಬೇಕಾದ ಆಪ್ ಆ ಫೋನಿಗೆ ಇಳಿಯಲೇ ಇಲ್ಲ. "ಅಕ್ಕಾ, ನಿನ್ ಫೋನಿಗೆ ವಯಸ್ಸಾಯ್ತು. ನನ್ನದರಲ್ಲೇ ಹಾಕ್ಕೋತೀನಿ ಬಿಡು" ಅಂದೆ. ಬೆಳಿಗ್ಗೆ ನನ್ನ ಪರದೆಯಲ್ಲಿ ಎರಡಂಕಿಯ ನಂಬರು ಬರುತ್ತದೆ, ನಾನು ನಿನಗೆ ಕಳಿಸಬೇಕು, ನೀನು ಆಪ್‌ನಲ್ಲಿ ಒತ್ತಬೇಕು, ಆಮೇಲೆ ನನಗೆ ಬಾಗಿಲು ತೆರೆಯುತ್ತದೆ. ಆಫೀಸಿಗೆ ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. ಹೊಸ ಫೋನು ಕೊಳ್ಳುವವರೆಗೆ, ಒಂದು ವಾರದ ಮಟ್ಟಿಗೆ ತಾನೆ ಅಂದುಕೊಂಡೆವು.

ಅದೇ ವಾರ ಅಮ್ಮನ ಹೊಲಿಗೆ ಯಂತ್ರದ ಜಗಳ. ಅಮ್ಮ ಹೋಗಿ ಎರಡು ತಿಂಗಳೂ ಆಗಿರಲಿಲ್ಲ, ನನ್ನನ್ನು ಒಂದು ಮಾತು ಕೇಳದೆ ಅದನ್ನು ಯಾರಿಗೋ ಕೊಟ್ಟುಬಿಟ್ಟಿದ್ದೆ. "ಇನ್ಮೇಲೆ ನಿನ್ನಿಂದ ನನಗೇನೂ ಆಗ್ಬೇಕಾಗಿಲ್ಲ" ಅಂದೆ ನಾನು. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಮಾರನೆಯ ದಿನ ಒಂಬತ್ತಕ್ಕೆ, ಮಾನ ಮರ್ಯಾದೆ ಬದಿಗಿಟ್ಟು, '62' ಎಂದು ಕಳಿಸಿದೆ. ನೀನು ಒತ್ತಿದೆ.

ಆಮೇಲೆ ನಮ್ಮ ನಡುವಿನ ಮಾತುಕತೆಯೆಲ್ಲ ಅಷ್ಟೇ. 17, 85, 40. ಹೊಸ ಫೋನು ಕೊಳ್ಳಬಹುದಿತ್ತು, ಕೊಳ್ಳಲಿಲ್ಲ. ಯಾಕೆಂದು ನನ್ನನ್ನೇ ಕೇಳಿಕೊಳ್ಳಲೂ ಇಲ್ಲ.

ಹೋದ ವಾರ ಔಷಧಿ ಅಂಗಡಿಯಲ್ಲಿ ನಿನ್ನ ಹೆಂಡತಿ ಸಿಕ್ಕಿದಳು. "ಅತ್ತಿಗೆ, ನಿಮ್ ನಂಬರ್ ಬರೋ ತನಕ ಇವರು ಲಿಫ್ಟ್ ರಿಪೇರಿಗೆ ಗುಂಡಿ ಒಳಗೆ ಇಳಿಯೋದೇ ಇಲ್ಲ. ಅಲ್ಲಿ ಸಿಗ್ನಲ್ ಸಿಗಲ್ವಂತೆ. ಸೂಪರ್‌ವೈಸರ್ ಎರಡು ಸಲ ಬೈದಾಯ್ತು, ಇನ್ನೊಂದು ಸಲ ಆದ್ರೆ ಬೇರೆಯವರನ್ನ ನೋಡ್ಕೋತೀನಿ ಅಂದಿದ್ದಾರೆ." ನಾನೋ, ಎಷ್ಟೋ ದಿನ ಕಾಫಿ ಮುಗಿಸಿ, ಬಟ್ಟೆ ಒಣಹಾಕಿ, ಒಂಬತ್ತೂವರೆಗೆ ನಂಬರು ಕಳಿಸಿದ್ದೇನೆ. ನೀನು ಕಾಯುತ್ತಿರುತ್ತೀಯ ಎಂದು ಹೊಳೆದೇ ಇರಲಿಲ್ಲ.

ಅಂದು ಸಂಜೆಯೇ ಹೊಸ ಫೋನು ತಂದೆ. ನಿನ್ನೆ ಆಫೀಸಿಗೆ ಫೋನು ಬದಲಿಸಿದೆ ಎಂದಷ್ಟೇ ಹೇಳಿ ಆಪ್ ಅದಕ್ಕೆ ಬದಲಿಸಿಕೊಂಡೆ. ಇವತ್ತು ನನ್ನ ನಂಬರನ್ನು ನಾನೇ ಒತ್ತಿದೆ. ನಿನಗೆ ಹೇಳಲಿಲ್ಲ. ಹೇಳಬೇಕೆಂದರೆ ಮೊದಲು ಮಾತು ಬಿಟ್ಟವಳೇ ಮಾತಾಡಬೇಕಲ್ಲ. ನಂಬರು ಬರದಿದ್ದರೆ ತಾನಾಗಿಯೇ ಕೆಲಸಕ್ಕೆ ಇಳಿಯುತ್ತಾನೆ ಅಂದುಕೊಂಡೆ.

ಹತ್ತೂವರೆಗೆ ನಿನ್ನ ಮೆಸೇಜು ಬಂತು. "ಅಕ್ಕಾ, ನಂಬರ್ ಬರ್ಲಿಲ್ಲ. ಹುಷಾರಾಗಿದ್ದೀಯ ತಾನೆ?"

ಹತ್ತೂವರೆಯವರೆಗೂ ಗುಂಡಿಯ ಹೊರಗೆ ನಿಂತಿದ್ದೀಯ. ಮೊಂಡ ಎಂದು ನಿನಗೆ ಹೆಸರಿಟ್ಟವಳು ನಾನು, ಅದು ನನಗೇ ಸಲ್ಲಬೇಕಾದ ಹೆಸರು. ನಾಚಿಕೆಯಾಯಿತು, ಆಮೇಲೆ ಸ್ವಲ್ಪ ಅತ್ತೆ. 'ಚೆನ್ನಾಗಿದ್ದೀನಿ, ಮೊದಲು ಕೆಲಸಕ್ಕೆ ಇಳಿ' ಎಂದು ಕಳಿಸಿದೆ. ಉಳಿದದ್ದು ಅದರಲ್ಲಿ ಹಿಡಿಸಲಿಲ್ಲ, ಅದಕ್ಕೇ ಈ ಪತ್ರ. ಸೂಪರ್‌ವೈಸರ್ ಬೈದರೆ ನನ್ನ ಹೆಸರು ಹೇಳು, ನಾನೇ ಬಂದು ಬೈಸಿಕೊಳ್ಳುತ್ತೇನೆ.

ಇನ್ನು ಬೆಳಿಗ್ಗೆ ನಂಬರು ಬರುವುದಿಲ್ಲ, ಕಾಯಬೇಡ. ಭಾನುವಾರ ಬಾ. ಹೊಸ ಫೋನಿನ ಹಾಟ್‌ಸ್ಪಾಟನ್ನು ಈ ಲ್ಯಾಪ್‌ಟಾಪ್ ಹಿಡಿಯುತ್ತಿಲ್ಲ. ಹಳೆಯದರಲ್ಲೇ ನೆಟ್ ಬರುತ್ತಿದೆ, ನಿಜ ಹೇಳಬೇಕೆಂದರೆ ಅದೇ ಸಾಕು. ಆದರೂ ಬಾ. ನಿನ್ನಿಂದ ನನಗೆ ಆಗಬೇಕಾದದ್ದು ಇದೆ.

ಕೈಕಾಲು ಗಟ್ಟಿಯಾಗಿರಲಿ, ನೀನು ಕೈ ಹಾಕಿದ ಲಿಫ್ಟು ನಡುವೆ ನಿಲ್ಲದಿರಲಿ.

ನಿನ್ನ ಅಕ್ಕ