ಮುಚ್ಚಳದೊಳಗಿನ ಗುರುತು

ಯಜಮಾನರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ತಿಂಗಳೊಳಗೆ ಮನೆಗೆ ಬಂದರೆ ಕ್ಷಮಿಸುತ್ತೇನೆ ಅಂತ ಬರೆದಿದ್ದೀರಿ. ಯಾವ ತಪ್ಪಿಗೆ ಅಂತ ಬರೆಯಲು ಮರೆತಿದ್ದೀರಿ.

ನಿಮ್ಮ ಕಣ್ಣು ಮಂಜಾದ ಮೇಲೆ ಹನ್ನೊಂದು ವರ್ಷ ಅಂಗಡಿಯ ಪರದೆ ಹಿಂದೆ ಕೂತು ಗಡಿಯಾರ ರಿಪೇರಿ ಮಾಡಿದವಳು ನಾನು. ಒಂದೊಂದರ ಮುಚ್ಚಳದೊಳಗೂ ಸೂಜಿಯಿಂದ ನಿಮ್ಮ ಹೆಸರಿನ ಗುರುತನ್ನೇ ಗೀರಿದೆ. ಒಂದರ ಮೇಲಾದರೂ ನನ್ನ ಗುರುತು ಹಾಕಲಾ ಅಂದಿದ್ದಕ್ಕೆ, "ಹೆಂಗಸು ಮುಟ್ಟಿದ್ದು ಅಂತ ಗೊತ್ತಾದರೆ ಯಾರು ತರ್ತಾರೆ?" ಅಂತ ನಕ್ಕಿರಿ. ಅವತ್ತೇ ಹೊರಟುಬಂದೆ.

ಊರ ಗೋಪುರದ ಗಡಿಯಾರ ನಿಂತಾಗ ನೀವು ಹತ್ತಿ ನೋಡಿ, ಚಕ್ರ ಸವೆದಿದೆ, ಹೊಸದೇ ಬೇಕು ಅಂದಿರಂತೆ. ಆಮೇಲೆ ಊರವರನ್ನು ಕೇಳಿ ನಾನು ಹತ್ತಿ ನೋಡಿದೆ; ಚಕ್ರಕ್ಕೆ ಏನೂ ಆಗಿರಲಿಲ್ಲ. ವರ್ಷಾ ವರ್ಷಾ ನೀವು ಸುರಿದ ಎಣ್ಣೆಗೆ ಧೂಳು ಕೂತು ಅಂಟಾಗಿತ್ತು. ಎರಡು ದಿನ ಬಿಡದೆ ಒರೆಸಿದೆ, ಓಡಿತು. ಹಿಂದಿನ ತಗಡಿನ ಮೇಲೆ ನನ್ನ ಗುರುತು ಗೀರಿದ್ದೇನೆ. ಸೋಮವಾರದಿಂದ ಗೋಪುರದ ಕೀಲಿಕೈಯೂ ನನ್ನ ಹತ್ತಿರವೇ ಇದೆ.

ನನ್ನ ಚಿಕ್ಕ ಚಿಮಟ, ಭೂತಗನ್ನಡಿ ಎರಡನ್ನೂ ಕಳಿಸಿಕೊಡಿ. ಆ ಪರದೆ ಅತ್ತೆಯವರ ದಿಂಬಿಗೆ ಚೀಲವಾದೀತು. ಅವರ ಮಂಡಿನೋವು ಹೇಗಿದೆ ಅಂತ ಕೇಳಿದೆನೆಂದು ಹೇಳಿ.

ನಿಮ್ಮ ಜೇಬಿನ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಬೆಳಿಗ್ಗೆ ಬಾಗಿಲಲ್ಲಿ ನಿಂತು, ಗೋಪುರದ ಗಂಟೆ ಕೇಳಿ ಸರಿಮಾಡಿಕೊಳ್ಳುವ ಅಭ್ಯಾಸ ಬಿಡಬೇಡಿ. ಗಂಟೆ ತಪ್ಪದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಇಂತಿ,
ಗೋಪುರದ ಗಡಿಯಾರದವಳು