ಅರ್ಧ ಕಿಲೋ ಹೆಚ್ಚು

ಜೂನ್ ೧೪, ಶನಿವಾರ

ಆ ಅರ್ಧ ಕಿಲೋ ತಲೆಯಿಂದ ಇಳಿಯುತ್ತಲೇ ಇಲ್ಲ. ನಮ್ಮ ಮೈದಾನದಲ್ಲಿ ರಿಮೋಟಿನಿಂದ ಹಾರಿಸುವ ಮಾದರಿ ವಿಮಾನ ಇಪ್ಪತ್ತೈದು ಕಿಲೋ ದಾಟುವಂತಿಲ್ಲ. ನಮ್ಮದು ಇಪ್ಪತ್ತೈದೂವರೆ ತೂಗಿತು.

"ಹಾರಿಸೋ ಹಾಗಿಲ್ಲ. ನಾಳೆ ಯಾರ ತಲೆ ಮೇಲಾದ್ರೂ ಬಿದ್ರೆ ನಾನೇನ್ ಹೇಳ್ಲಿ?" ಅಂದರು ಕ್ಲಬ್ಬಿನ ತಪಾಸಣೆಯವರು. ಅವರ ಮೇಲೆ ಸಿಟ್ಟಾದರೂ ಬರಬಾರದಿತ್ತೇ! ಅವರು ಹೇಳಿದ್ದು ಸರಿಯಾಗಿಯೇ ಇತ್ತು.

"ಎಲ್ಲಿ ಹೆಚ್ಚಾಯ್ತೋ?" ಅಂದಳು ಅಕ್ಕ.

ಎಲ್ಲಿ ಎಂದು ನನಗೆ ಗೊತ್ತು. ಮುರಿದ ಬಾಲವನ್ನು ಅಂಟಿಸಿದವಳು ಅವಳೇ. ಕಾಯಿಲೆಯಾದ ಮೇಲೆ ಅವಳ ಬೆರಳಿಗೆ ಏನು ಮುಟ್ಟಿದರೂ ತಿಳಿಯುವುದಿಲ್ಲ. ಮೆತ್ತಿದ ಕಡೆಗೇ ಮತ್ತೆ ಅಂಟು ಮೆತ್ತಿದ್ದಳು. ಹಿಂದಕ್ಕೆ ವಾಲುತ್ತಿದ್ದ ವಿಮಾನವನ್ನು ಸಮತೂಕಕ್ಕೆ ತರಲು ಮೂತಿಗೆ ಸೀಸ ತುಂಬಿದವನು ನಾನು. ಗಡ್ಡೆ ಕಟ್ಟಿದ ಅಂಟು ಅವಳ ಕಣ್ಣಿಗೆ ಬೀಳದಿರಲೆಂದು ಬಣ್ಣ ಬಳಿದವನೂ ನಾನೇ. "ಬಾಲ ನಾನೇ ಮಾಡ್ದೆ" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದಾಳೆ.

"ಬಣ್ಣ ಜಾಸ್ತಿ ಆಯ್ತು ಕಣಕ್ಕ," ಅಂದುಬಿಟ್ಟೆ.

ಊಟ ಅರ್ಧಕ್ಕೇ ಬಿಟ್ಟು ಉಪ್ಪುಕಾಗದ ಹಿಡಿದು ಕೂತಿದ್ದಾಳೆ. ಪಕ್ಕದ ಕೋಣೆಯಿಂದ ಬಣ್ಣ ಉಜ್ಜುವ ಕರಕರ ಸದ್ದು. ಪೂರ್ತಿ ಉಜ್ಜಿದರೂ ನೂರು ಗ್ರಾಂ ಇಳಿದರೆ ಹೆಚ್ಚು. ಎದ್ದು ಹೋಗಿ ಸಾಕು ಎನ್ನಬೇಕು. ಅಂದರೆ ಯಾಕೆ ಎಂದು ಕೇಳುತ್ತಾಳೆ.

ಈಗ ತಾನೇ ಕೂಗಿದಳು. "ರೆಕ್ಕೆ ಮುಗೀತು ಕಣೋ. ಇನ್ನು ಬಾಲಕ್ಕೆ ಕೈ ಹಾಕ್ತೀನಿ."

ಕರಕರ ಮತ್ತೆ ಶುರುವಾಗಿತ್ತು. ಈಗ ನಿಂತಿದೆ.