ಅಪ್ಪನ ಹೆಸರಲ್ಲಿ ಗೆದ್ದ ಆಟ

ಅಮ್ಮಾ,

ಹಾಲು ಕಾಯಿಸಿಟ್ಟಿದೀನಿ. ಕನ್ನಡಕದ ಅಂಗಡಿಗೆ ಅರ್ಧ ದಿನ ರಜೆ ಹೇಳಿ, ತೆರಿಗೆ ಸಲಹೆಗಾರರ ಹತ್ರ ಹೋಗ್ತಿದೀನಿ.

ನಿನ್ನೆ ಅವರು ಫೋನಲ್ಲಿ ಹೇಳಿದ್ದು ಒಂದೂ ತಲೆಗೆ ಹತ್ತಲಿಲ್ಲ. ಗೆದ್ದಿದ್ದಕ್ಕೆ ತೆರಿಗೆ ಕಟ್ಟಬೇಕಂತೆ, ಅದಕ್ಕೆ ಮುಂಚೆ ಸೋತಿದ್ದನ್ನ ಕಳೆಯೋ ಹಾಗಿಲ್ವಂತೆ. ಆ ಇಸ್ಪೀಟಿನ ಆಪ್‌ಗೆ ಪರವಾನಗಿ ಇದೆಯೋ ಇಲ್ವೋ ಅವರಿಗೂ ಗೊತ್ತಿಲ್ಲ. ಇಲ್ದಿದ್ರೂ ತೆರಿಗೆ ತಪ್ಪಲ್ವಂತೆ. ಆಡಬಾರದು ಅನ್ನೋ ಸರ್ಕಾರದವರೇ ಯಾವ ಮುಖ ಇಟ್ಕೊಂಡು ಪಾಲು ಕೇಳ್ತಾರೆ?

ಅದೂ ಹೋಗ್ಲಿ. ಖಾತೆ ಇರೋದು ಅಪ್ಪನ ಹೆಸರಲ್ಲಿ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಆಡಿದ್ದು ನೀನು, ಗೆದ್ದಿದ್ದು ಅಪ್ಪ. ಈಗ ಕಟ್ಟೋರು ಯಾರು? ಖಾತೆ ಯಾರ ಹೆಸರಲ್ಲಿದೆಯೋ ಅವರು ಕ್ಯಾಮೆರಾಗೆ ಮುಖ ತೋರಿಸದೆ ಆಪ್‌ನವರು ದುಡ್ಡು ಬಿಡಬಾರದು ಅಂತ ಹೊಸ ನಿಯಮ ಬೇರೆ.

ಗೋಡೆ ಮೇಲಿನ ಅಪ್ಪನ ಫೋಟೊ ಇಳಿಸಿ ಮತ್ತೆ ಕ್ಯಾಮೆರಾಗೆ ಹಿಡೀಬೇಡ, ದಮ್ಮಯ್ಯ. ಆ ಆಪ್ "ಕಣ್ಣು ಮಿಟುಕಿಸಿ" ಅಂತ ಕೇಳ್ತಾನೇ ಇರುತ್ತೆ. ನೀನು ಫೋಟೊಗೆ "ಒಂದ್ಸಲ ಮಿಟುಕಿಸ್ರೀ" ಅಂದಿದ್ದು ಅಡುಗೆಮನೆಗೆ ಕೇಳಿಸ್ತು. ನಗಬೇಕೋ ಅಳಬೇಕೋ ತಿಳೀಲಿಲ್ಲ.

ಮಧ್ಯಾಹ್ನ ಮಾತ್ರೆ ಮರೀಬೇಡ.

ಸಲಹೆಗಾರರು ಖಾತೆ ಮುಚ್ಚಿಸಿ ಅಂತಾರೇನೋ. ಏನು ಹೇಳ್ಲಿ? ನೀನು ಆಡೋಕೆ ಕೂತಾಗ ಅಪ್ಪನ ಹೆಸರಿನ ಪಕ್ಕ ಹಸಿರು ಚುಕ್ಕೆ ಹತ್ಕೊಳ್ಳುತ್ತಲ್ಲ, "ಈಗ ಇದ್ದಾರೆ" ಅಂತ? ಇಸ್ಪೀಟಿನ ಗಂಧವೇ ಇಲ್ಲದ ನಾನೂ ಫೋನಿಗೆ ಆ ಆಪ್ ಹಾಕ್ಕೊಂಡಿರೋದು ಅದನ್ನ ನೋಡೋಕೇ.